ಎರಡು ಲೈನ್ ಇದ್ದರೂ ನೆಟ್ ಯಾಕಿಲ್ಲ? ವೈಫೈ ಎಪಿ ಅಪ್‌ಲಿಂಕ್, ಫೇಲ್‌ಓವರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಪಿಜಿ, ದರ್ಶಿನಿ, ಕ್ಲಿನಿಕ್ಕು, ಸಣ್ಣಪುಟ್ಟ ಆಫೀಸುಗಳಿಗೆ ವೈಫೈ ಹಾಕಿಕೊಡುವುದು ನನ್ನ ಕೆಲಸ. ಕಂಬ ಹತ್ತುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತೇನೆ. ಏಪ್ರಿಲ್ ಕೊನೆಯಲ್ಲಿ ಸಂಜೆ ಮಳೆ ಶುರುವಾದರೆ ಸಾಕು, ಒಂದೇ ಥರದ ಫೋನುಗಳು ಬರುತ್ತವೆ: "ದುಡ್ಡು ಕೊಟ್ಟು ಎರಡು ಲೈನ್ ಹಾಕಿಸಿದ್ದೀವಿ ಸಾರ್, ಆದರೂ ನೆಟ್ ಇಲ್ಲ." ಪ್ರತಿ ಸಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಅಪ್‌ಲಿಂಕ್ ಅಂದರೆ ಏನು? ಫೋನಿನಲ್ಲಿ ವೈಫೈ ಸಿಗ್ನಲ್ ಫುಲ್ ತೋರಿಸುತ್ತಿದೆಯಲ್ಲ?

ಫೋನಿನ ಸಿಗ್ನಲ್ ಕಡ್ಡಿಗಳು ಹೇಳುವುದು ಫೋನಿನಿಂದ ಆಕ್ಸೆಸ್ ಪಾಯಿಂಟ್ (ಎಪಿ), ಅಂದರೆ ವೈಫೈ ಬೀರುವ ಡಬ್ಬಿಯವರೆಗಿನ ಕಥೆ ಮಾತ್ರ. ಆ ಎಪಿಯಿಂದ ಆಚೆಗೆ, ಇಂಟರ್ನೆಟ್ಟಿನ ಕಡೆಗೆ ಹೋಗುವ ದಾರಿ ಅಪ್‌ಲಿಂಕ್. ಮನೆಯ ನೀರಿನ ಲೆಕ್ಕದಲ್ಲಿ ನೋಡಿ: ವೈಫೈ ಅಂದರೆ ನಲ್ಲಿ, ಅಪ್‌ಲಿಂಕ್ ಅಂದರೆ ಸಂಪಿಗೆ ನೀರು ಬರುವ ದಾರಿ. ಮೊದಲು ಕಾವೇರಿ, ಕಾವೇರಿ ಬಿಡದ ದಿನ ಬೋರು, ಬೋರೂ ಕೈಕೊಟ್ಟರೆ ಟ್ಯಾಂಕರು. ಎಪಿಗೂ ಹೀಗೆ ಮೂರ್ನಾಲ್ಕು ದಾರಿ ಇರುತ್ತವೆ. ಸ್ವಿಚ್ಚಿನಿಂದ ಬರುವ ಈಥರ್ನೆಟ್ ಕೇಬಲ್ಲು, ಯುಎಸ್‌ಬಿಗೆ ಚುಚ್ಚಿದ 4ಜಿ ಡಾಂಗಲ್ಲು, ಪಕ್ಕದ ಇನ್ನೊಂದು ವೈಫೈಗೆ ಎಪಿಯೇ ಗಿರಾಕಿಯಾಗಿ ಸೇರಿಕೊಳ್ಳುವುದು, ಇಲ್ಲವೇ ಮೆಶ್ ಕಟ್ಟಿಕೊಂಡು ಇನ್ನೊಂದು ಎಪಿಯ ಬೆನ್ನೇರುವುದು. ಒಂದು ದಾರಿ ಹೋದಾಗ ಯಾರೂ ಮುಟ್ಟದೆ ಇನ್ನೊಂದಕ್ಕೆ ತಾನೇ ಹೊರಳುವುದಕ್ಕೆ ಫೇಲ್‌ಓವರ್ ಅನ್ನುತ್ತಾರೆ.

ಫೇಲ್‌ಓವರ್ ಸೆಟ್ಟಿಂಗ್ ಎಪಿಯಲ್ಲಿ ಮಾಡಬೇಕೋ, ರೂಟರಿನಲ್ಲೋ?

ನಿಮ್ಮಲ್ಲಿ ಬೇರೆ ರೂಟರ್ ಇದ್ದು, ಎರಡೂ ಕಂಪನಿಯ ಲೈನು ಅದಕ್ಕೇ ಬಂದು ಸೇರುತ್ತಿದ್ದರೆ ರೂಟರಿನಲ್ಲಿ ಮಾಡಿ. ಎಪಿಗೆ ಆ ವಿಷಯ ಗೊತ್ತೇ ಆಗಬೇಕಿಲ್ಲ. ರೂಟರ್ ಇಲ್ಲದೆ ಎಪಿಯೇ ಐಪಿ ವಿಳಾಸ ಹಂಚಿ, ಎಪಿಯೇ ನ್ಯಾಟ್ ಮಾಡುವ (ಎಲ್ಲರನ್ನೂ ಒಂದೇ ಹೊರಗಿನ ವಿಳಾಸದಿಂದ ಕಳಿಸುವ) ಜಾಗಗಳಲ್ಲಿ ಎಪಿಯಲ್ಲಿ ಮಾಡಬೇಕು. ನಾಲ್ಕೈದು ಎಪಿ ಸೇರಿ ಗುಂಪು ಕಟ್ಟಿಕೊಂಡು ಅದರಲ್ಲೊಂದು ಯಜಮಾನನಾಗುವ ಪದ್ಧತಿ ಇದೆಯಲ್ಲ, ಅಲ್ಲಿ ಎಲ್ಲರ ಟ್ರಾಫಿಕ್ಕೂ ಆ ಯಜಮಾನ ಎಪಿಯ ಅಪ್‌ಲಿಂಕ್ ಮೇಲೇ ಹೋಗುತ್ತದೆ. ಹಾಗಾಗಿ ಡಾಂಗಲ್ ಚುಚ್ಚುವುದಿದ್ದರೆ ಅದಕ್ಕೇ ಚುಚ್ಚಿ, ಅದನ್ನೇ ಯಜಮಾನ ಅಂತ ಕಾಯಂ ಮಾಡಿ. ಮೂರನೇ ಮಹಡಿಯ ಮೂಲೆಯ ಎಪಿಗೆ ಡಾಂಗಲ್ ಚುಚ್ಚಿ, ಯಜಮಾನಿಕೆ ಕೆಳಗಿನ ಎಪಿಗೆ ಹೋಗಿದ್ದರೆ ಡಾಂಗಲ್ಲಿನ ಲೈಟು ಸುಮ್ಮನೆ ಮಿಣುಕುತ್ತಿರುತ್ತದೆ ಅಷ್ಟೆ.

ಎರಡೂ ಕಡೆ ಮಾಡಬೇಡಿ. ರೂಟರ್ ತನ್ನ ಪಾಡಿಗೆ ಬ್ಯಾಕಪ್ಪಿಗೆ ಹೊರಳುವ ಹೊತ್ತಿಗೇ ಎಪಿಯೂ ಗಾಬರಿಬಿದ್ದು ತನ್ನ ಡಾಂಗಲ್ಲಿಗೆ ಹೊರಳಿದರೆ ಆಮೇಲೆ ಯಾರು ಎಲ್ಲಿದ್ದಾರೆ ಅಂತ ಹುಡುಕುವುದೇ ಒಂದು ಕೆಲಸ.

ಪ್ರಯಾರಿಟಿ, ಎನ್‌ಫೋರ್ಸ್, ಪ್ರಿಎಂಪ್ಷನ್: ಈ ಮೂರರಲ್ಲಿ ಯಾವುದು ಏನು?

ಪ್ರಯಾರಿಟಿ ಅಂದರೆ ಸರತಿ. ಮೊದಲು ಯಾವ ಲೈನು, ಅದು ಹೋದರೆ ಯಾವುದು. ಎನ್‌ಫೋರ್ಸ್ ಅಂದರೆ ಹಟ. ಇದೊಂದೇ ಲೈನು, ಸತ್ತರೂ ಬದುಕಿದರೂ ಇದೇ. ಡೆಮೋ ಮಾಡುವಾಗ ಯಾರೋ ಎನ್‌ಫೋರ್ಸ್ ಹಾಕಿ ಮರೆತುಬಿಟ್ಟಿರುತ್ತಾರೆ. ಆಮೇಲೆ ಫೇಲ್‌ಓವರ್ ಕೆಲಸ ಮಾಡುತ್ತಿಲ್ಲ ಅಂತ ನನಗೆ ಫೋನು. ಅದನ್ನು "ಯಾವುದೂ ಇಲ್ಲ" ಅಂತ ಇಡಿ.

ಪ್ರಿಎಂಪ್ಷನ್ ಅಂದರೆ ಮೊದಲ ಲೈನು ವಾಪಸ್ ಬಂದಾಗ ತಾನಾಗಿ ಅದಕ್ಕೆ ಮರಳುವುದು. ಇದನ್ನು ಆಫ್ ಮಾಡಿಟ್ಟರೆ ಫೈಬರ್ ಸರಿಹೋಗಿ ವಾರ ಕಳೆದರೂ ಎಪಿ ಡಾಂಗಲ್ ಮೇಲೇ ಕೂತಿರುತ್ತದೆ, ಸಿಮ್ಮಿನ ಡೇಟಾ ಖಾಲಿಯಾಗುವ ತನಕ. ಹಾಗಂತ ಕಣ್ಣುಮುಚ್ಚಿ ಆನ್ ಮಾಡುವುದೂ ತಪ್ಪು. ಯಾಕೆ ಅಂತ ಮುಂದೆ ಹೇಳುತ್ತೇನೆ.

ರೂಟರಿನಲ್ಲಿ ಎಲ್ಲಾ ಲೈಟೂ ಹಸಿರಾಗೇ ಇದೆ. ಆದರೂ ನೆಟ್ ಬರುತ್ತಿಲ್ಲ, ಬ್ಯಾಕಪ್ಪಿಗೂ ಹೋಗುತ್ತಿಲ್ಲ. ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು.

ಕಾವೇರಿ ಪೈಪು ಇದೆ ಅಂದ ಮಾತ್ರಕ್ಕೆ ಪೈಪಿನಲ್ಲಿ ನೀರಿದೆ ಅಂತಲ್ಲ. ಎಪಿ ಅಥವಾ ರೂಟರು ಮೊದಲಿಗೆ ನೋಡುವುದು ಕೇಬಲ್ಲಿನಲ್ಲಿ ಲಿಂಕ್ ಇದೆಯಾ ಅಂತ. ಆ ಕೇಬಲ್ಲಿನ ಇನ್ನೊಂದು ತುದಿ ಹೋಗಿರುವುದು ಎಲ್ಲಿಗೆ? ನಿಮ್ಮದೇ ಗೋಡೆಯ ಮೇಲಿರುವ ಫೈಬರ್ ಡಬ್ಬಿಗೆ, ಅಂದರೆ ಓಎನ್‌ಟಿಗೆ. ಬೀದಿಯಲ್ಲಿ ಫೈಬರ್ ತುಂಡಾದರೂ ಆ ಡಬ್ಬಿಗೆ ಕರೆಂಟ್ ಇರುವ ತನಕ ಲಿಂಕ್ ಇದ್ದೇ ಇರುತ್ತದೆ. "ಗೇಟ್‌ವೇಗೆ ಪಿಂಗ್ ಹಾಕಿ ನೋಡು" ಅಂತ (ಪಿಂಗ್ ಅಂದರೆ ‘ಇದ್ದೀಯಾ?’ ಎಂದು ಕೂಗಿ ಉತ್ತರಕ್ಕೆ ಕಾಯುವುದು) ಸೆಟ್ ಮಾಡಿದ್ದರೂ ಗೇಟ್‌ವೇ, ಅಂದರೆ ಆಚೆಗೆ ಹೋಗುವ ಮೊದಲ ಬಾಗಿಲು, ಅದೇ ಡಬ್ಬಿ, 192.168.1.1. ಅದು ನಗುನಗುತ್ತಾ ಉತ್ತರ ಕೊಡುತ್ತದೆ. ಹೀಗಾಗಿ ನಿಮ್ಮ ಸಾಧನದ ಪ್ರಕಾರ ಎಲ್ಲವೂ ಸರಿಯಾಗಿದೆ.

ಆದ್ದರಿಂದ ಪರೀಕ್ಷೆ ನಿಮ್ಮ ಕಟ್ಟಡದಾಚೆ, ಕಂಪನಿಯಾಚೆ ಇರುವ ಜಾಗಕ್ಕೆ ಆಗಬೇಕು. ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1 ಈ ಎರಡನ್ನೂ ಹಾಕಿ. ಎರಡೂ ಉತ್ತರಿಸದಿದ್ದರೆ ಮಾತ್ರ ಲೈನು ಸತ್ತಿದೆ ಅನ್ನಿ. ಒಂದನ್ನೇ ನಂಬಿದರೆ, ಆ ಒಂದಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ತೊಂದರೆಯಾದ ದಿನ ಚೆನ್ನಾಗಿರುವ ಲೈನನ್ನು ಬಿಟ್ಟು ಸುಮ್ಮನೆ ಸಿಮ್ಮಿಗೆ ಓಡುತ್ತದೆ.

ಎಪಿಯ ಮೆನುವಿನಲ್ಲಿ ಇದಕ್ಕೆ ಸಾಮಾನ್ಯವಾಗಿ ಇಂಟರ್ನೆಟ್ ಫೇಲ್‌ಓವರ್ ಅಂತ ಹೆಸರಿರುತ್ತದೆ. ಬಹಳ ಕಡೆ ಅದು ಡಬ್ಬದಿಂದ ಬರುವಾಗಲೇ ಆಫ್ ಆಗಿರುತ್ತದೆ. ಮೊದಲು ಅದನ್ನು ಹುಡುಕಿ ಆನ್ ಮಾಡಿ.

ಲೈನ್ ಹೋಗಿ ಐದು ನಿಮಿಷವಾದ ಮೇಲೆ ಬ್ಯಾಕಪ್ಪಿಗೆ ಹೋಗುತ್ತದೆ. ಅಷ್ಟು ಹೊತ್ತು ಯಾಕೆ?

ಗುಣಾಕಾರ ಮಾಡಿ ನೋಡಿ, ಗೊತ್ತಾಗುತ್ತದೆ. ಎಷ್ಟು ಸೆಕೆಂಡಿಗೊಮ್ಮೆ ಪಿಂಗ್, ಎಷ್ಟು ಪಿಂಗ್ ಕಳೆದರೆ ಸತ್ತ ಲೆಕ್ಕ. ಅರುಬಾ ಇನ್‌ಸ್ಟಂಟ್ ಎಪಿಗಳಲ್ಲಿ ಕಂಪನಿ ಇಟ್ಟುಕೊಟ್ಟ ಲೆಕ್ಕ 30 ಸೆಕೆಂಡಿಗೊಂದು ಪ್ಯಾಕೆಟ್ಟು, 10 ಪ್ಯಾಕೆಟ್ ಕಳೆದರೆ ಫೇಲ್. ಮುನ್ನೂರು ಸೆಕೆಂಡು, ಅಂದರೆ ನಿಮ್ಮ ಐದು ನಿಮಿಷ. ಮೈಕ್ರೋಟಿಕ್ ರೂಟರಿನ ಗೇಟ್‌ವೇ ತಪಾಸಣೆ 10 ಸೆಕೆಂಡಿಗೊಮ್ಮೆ ನಡೆದು, ಸತತ ಎರಡು ಸಲ ಉತ್ತರ ಬರದಿದ್ದರೆ ಕೈಬಿಡುತ್ತದೆ.

ನಾನು ಸಾಮಾನ್ಯವಾಗಿ 5 ಸೆಕೆಂಡಿಗೊಂದು, 5 ಕಳೆದರೆ ಫೇಲ್ ಅಂತ ಇಡುತ್ತೇನೆ. ಅರ್ಧ ನಿಮಿಷದೊಳಗೆ ಹೊರಳುತ್ತದೆ. ಇನ್ನೂ ಬಿಗಿ ಮಾಡಿ ಅಂತ ಕೇಳುವವರಿದ್ದಾರೆ. ಬೇಡ. ಪಿಜಿಯಲ್ಲಿ ರಾತ್ರಿ ಹತ್ತಕ್ಕೆ ಐಪಿಎಲ್ ನೋಡುತ್ತಾ ಎಲ್ಲರೂ ಲೈನನ್ನು ಹಿಂಡುತ್ತಿರುವಾಗ ಎರಡು ಪಿಂಗ್ ಕಳೆಯುವುದು ಸಹಜ. ಅಷ್ಟಕ್ಕೇ ಫೇಲ್ ಅಂದುಕೊಂಡರೆ ಮೂವತ್ತು ಹುಡುಗರ ಭಾರ ಪಾಪದ ಒಂದು ಸಿಮ್ಮಿನ ತಲೆಮೇಲೆ ಬೀಳುತ್ತದೆ.

ಪಿಂಗ್‌ಗೆ 8.8.8.8 ಹಾಕಿದ ಮೇಲೆ ಹೊಸ ತೊಂದರೆ: ಬ್ಯಾಕಪ್ಪಿಗೆ ಹೋದಾಗ ವಾಟ್ಸಾಪ್ ಬರುತ್ತದೆ, ಬ್ರೌಸರ್ ಮಾತ್ರ ತೆರೆಯುವುದಿಲ್ಲ.

ಇದು ಡಿಎನ್‌ಎಸ್ (ಸೈಟಿನ ಹೆಸರು ಹೇಳಿದರೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಕಾಟ, ಎರಡು ರೀತಿಯಲ್ಲಿ ಬರುತ್ತದೆ. ಮೊದಲನೆಯದು: ಮೊದಲ ಲೈನು ಜೀವಂತ ಇದೆಯೇ ಎಂದು ನೋಡಲು 8.8.8.8ಕ್ಕೆ ಹೋಗುವ ರೂಟನ್ನು ಆ ಲೈನಿಗೇ ಕಟ್ಟಿಹಾಕಿರುತ್ತೀರಿ. ಆ ಲೈನು ಸತ್ತಾಗ ಆ ವಿಳಾಸವೂ ಸತ್ತಂತೆ. ನಿಮ್ಮ ಲ್ಯಾಪ್‌ಟಾಪುಗಳಿಗೆ ಡಿಎನ್‌ಎಸ್ ಅಂತ ಕೊಟ್ಟಿರುವುದೂ 8.8.8.8 ಆಗಿದ್ದರೆ ಮುಗಿಯಿತು. ತಪಾಸಣೆಗೆ ಒಂದು ವಿಳಾಸ, ಡಿಎನ್‌ಎಸ್‌ಗೆ ಬೇರೆ ವಿಳಾಸ ಇಟ್ಟುಕೊಳ್ಳಿ.

ಎರಡನೆಯದು: ಮೊದಲ ಕಂಪನಿ ಕೊಟ್ಟ ಡಿಎನ್‌ಎಸ್ ವಿಳಾಸವನ್ನೇ ಎಪಿ ಎಲ್ಲರಿಗೂ ಹಂಚಿರುತ್ತದೆ. ಕಂಪನಿಗಳ ಡಿಎನ್‌ಎಸ್ ಸರ್ವರುಗಳು ಸಾಮಾನ್ಯವಾಗಿ ತಮ್ಮ ಗಿರಾಕಿಗಳಿಗೆ ಮಾತ್ರ ಉತ್ತರ ಕೊಡುತ್ತವೆ. ನೀವು ಇನ್ನೊಂದು ಕಂಪನಿಯ ಸಿಮ್ಮಿನಿಂದ ಹೋಗಿ ಕೇಳಿದರೆ ಬಾಗಿಲು ತೆಗೆಯುವುದಿಲ್ಲ. ಫೋನು, ಲ್ಯಾಪ್‌ಟಾಪುಗಳಿಗೆ ರೂಟರಿನ ವಿಳಾಸವನ್ನೇ ಡಿಎನ್‌ಎಸ್ ಅಂತ ಕೊಡಿ. ರೂಟರ್ ಯಾರನ್ನು ಕೇಳಬೇಕೋ ಕೇಳಿಕೊಳ್ಳಲಿ.

ಎರಡು ಬೇರೆ ಬೇರೆ ಕಂಪನಿಯ ಫೈಬರ್ ಹಾಕಿಸಿದ್ದೇವೆ. ಇದಕ್ಕಿಂತ ಭದ್ರ ಇನ್ನೇನಿದೆ?

ಬನ್ನಿ, ನಿಮ್ಮ ಮಹಡಿಗೆ ಹತ್ತೋಣ. ಎರಡೂ ಕೇಬಲ್ಲು ಎಲ್ಲಿಂದ ಬರುತ್ತವೆ ಅಂತ ಕಣ್ಣಿನಲ್ಲೇ ಹಿಂಬಾಲಿಸಿ.

ಬಿಟಿಎಂ ಲೇಔಟಿನ ಒಂದು ಪಿಜಿಯಲ್ಲಿ ನಾನು ಕಲಿತ ಪಾಠ ಇದು. ಬಿಲ್ಲು ಎರಡು, ಕಂಪನಿಯ ಹೆಸರು ಎರಡು, ಓಎನ್‌ಟಿ ಎರಡು. ಆದರೆ ಎರಡೂ ಕರಿ ವೈರು ಟೆರೇಸಿನಿಂದ ಎದುರಿನ ಹೊಂಗೆ ಮರದ ಕವಲಿಗೆ ಹೋಗಿ, ಅಲ್ಲಿ ಒಂದೇ ಬಿಳಿ ಟೈಗೆ ಬಿಗಿದು, ಮುಂದಿನ ಕಂಬಕ್ಕೆ ಜೊತೆಜೊತೆಯಾಗಿ ಹೋಗಿದ್ದವು. ಮೇ ತಿಂಗಳ ಒಂದು ಸಂಜೆ ಗಾಳಿಗೆ ಕೊಂಬೆ ಮುರಿದು ಬಿತ್ತು. ಎರಡೂ ಓಎನ್‌ಟಿಯಲ್ಲಿ ಒಂದೇ ಕ್ಷಣಕ್ಕೆ ಕೆಂಪು ಲೈಟು. ಫೇಲ್‌ಓವರ್ ಸೆಟ್ಟಿಂಗ್ ಅಕ್ಷರಶಃ ಸರಿ ಇತ್ತು, ನಾನೇ ಮಾಡಿದ್ದು. ಹೋಗಲು ಜಾಗವೇ ಇರಲಿಲ್ಲ. ಓನರ್ ಆಂಟಿ ಕೇಳಿದ ಪ್ರಶ್ನೆ ಇವತ್ತಿಗೂ ನೆನಪಿದೆ: "ಎರಡು ದಾರಿ ಅಂದ್ರಲ್ಲಪ್ಪ, ಎರಡೂ ಒಂದೇ ಮರಕ್ಕೆ ಯಾಕೆ ಕಟ್ಟಿದ್ರಿ?"

ಕಟ್ಟಿದ್ದು ನಾನಲ್ಲ, ಆದರೆ ನೋಡಬೇಕಾಗಿದ್ದದ್ದು ನಾನೇ. ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಬಹಳ ಏರಿಯಾಗಳಲ್ಲಿ ಮೇಲಿನ ಹೆಸರು ಯಾವುದೇ ಇದ್ದರೂ ಬೀದಿಯ ಕೊನೆಯ ತುಂಡನ್ನು ನೋಡಿಕೊಳ್ಳುವವನು ಒಬ್ಬನೇ ಕೇಬಲ್ ಹುಡುಗ. ರಸ್ತೆ ಅಗೆದಾಗ, ಪಾಲಿಕೆಯವರು ಮರಕ್ಕೆ ಜೋತುಬಿದ್ದ ವೈರುಗಳನ್ನು ಕತ್ತರಿಸಿದಾಗ ಎರಡೂ ಒಟ್ಟಿಗೇ ಹೋಗುತ್ತವೆ. ಒಂದು ಫೈಬರ್, ಇನ್ನೊಂದು ಸಿಮ್. ಮಾಧ್ಯಮವೇ ಬೇರೆಯಾಗಿರಲಿ. ಎರಡೂ ಫೈಬರ್ರೇ ಬೇಕೆಂದರೆ ಒಂದು ಮುಂದಿನ ರಸ್ತೆಯಿಂದ, ಇನ್ನೊಂದು ಹಿಂದಿನ ಕ್ರಾಸಿನಿಂದ ಬರಲಿ. ಲೈನು ಎಳೆಯುವ ದಿನ ನೀವೇ ಟೆರೇಸಿನಲ್ಲಿ ನಿಂತು ಹೇಳಿದರೆ ಅವರು ಮಾಡಿಕೊಡುತ್ತಾರೆ. ಎಳೆದು ಹೋದ ಮೇಲೆ ಹೇಳಿದರೆ ಮಾಡುವುದಿಲ್ಲ.

ಡಾಂಗಲ್ ಚುಚ್ಚಿದರೂ ಎಪಿ ಅದನ್ನು ಗುರುತಿಸುತ್ತಲೇ ಇಲ್ಲ. ಕೆಟ್ಟಿದೆಯಾ?

ಡಾಂಗಲ್ಲನ್ನು ಬೈಯುವ ಮೊದಲು ಎಪಿಗೆ ಕರೆಂಟ್ ಎಷ್ಟು ಬರುತ್ತಿದೆ ನೋಡಿ. ಪಿಓಇ ಸ್ವಿಚ್ಚು (ನೆಟ್ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವಂಥದ್ದು) ಹಳೆಯ 802.3ಎಎಫ್ ಆಗಿದ್ದರೆ ಒಂದು ಪೋರ್ಟಿನಿಂದ 15.4 ವ್ಯಾಟ್ ಬಿಡುತ್ತದೆ, ಕೇಬಲ್ಲಿನಲ್ಲಿ ಸವೆದು ಎಪಿಗೆ ಸಿಗುವುದು 12.95 ವ್ಯಾಟ್. ಅಷ್ಟರಲ್ಲಿ ರೇಡಿಯೋ ಓಡಿಸುವುದೇ ಕಷ್ಟ ಅಂತ ಅನೇಕ ಎಪಿಗಳು ಯುಎಸ್‌ಬಿ ಪೋರ್ಟನ್ನು ಮುಚ್ಚಿಬಿಡುತ್ತವೆ. 802.3ಎಟಿ ಕೊಟ್ಟರೆ, ಅಂದರೆ 30 ವ್ಯಾಟಿನದ್ದು, ಡಾಂಗಲ್ ತಟ್ಟನೆ ಎದ್ದು ಕೂರುತ್ತದೆ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಇಂಜೆಕ್ಟರ್ (ಒಂದೇ ಕೇಬಲ್ಲಿಗೆ ಕರೆಂಟ್ ತುಂಬುವ ಡಬ್ಬಿ) ತರುವಾಗ "ಪಿಓಇ ಕೊಡಿ" ಅನ್ನಬೇಡಿ, ಎಎಫ್ ಬೇಕೋ ಎಟಿ ಬೇಕೋ ಹೇಳಿ ತನ್ನಿ. 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ ಬೇರೆ ಜಾತಿ, ಅದನ್ನು ಇದಕ್ಕೆ ಹಾಕಿದರೆ ಎಪಿ ಏಳುವುದೇ ಇಲ್ಲ.

ಕರೆಂಟ್ ಸರಿ ಇದ್ದರೆ ಎಪಿ ಕಂಪನಿಯ ಪಟ್ಟಿಯಲ್ಲಿ ಆ ಡಾಂಗಲ್ ಮಾಡೆಲ್ ಇದೆಯೇ ನೋಡಿ. ಅದೂ ಇದ್ದರೆ ಎಪಿಎನ್ (ಸಿಮ್ ಕಂಪನಿಯ ಡೇಟಾ ಜಾಲದ ಹೆಸರು) ನೋಡಿ. ಜಿಯೋ ಸಿಮ್ ಆದರೆ ಜಿಯೋನೆಟ್, ಬಿಎಸ್‌ಎನ್‌ಎಲ್ ಆದರೆ ಬಿಎಸ್‌ಎನ್‌ಎಲ್‌ನೆಟ್. ಸಿಮ್ಮಿನ ಪಿನ್ ಲಾಕನ್ನು ಮೊದಲೇ ಫೋನಿಗೆ ಹಾಕಿ ತೆಗೆದುಬಿಡಿ.

ನನ್ನ ಅಭಿಪ್ರಾಯ ಕೇಳಿದರೆ ಎಪಿಗೆ ಡಾಂಗಲ್ ಚುಚ್ಚುವ ಬದಲು ಈಥರ್ನೆಟ್ ಪೋರ್ಟ್ ಇರುವ ಪುಟ್ಟ 4ಜಿ ರೂಟರ್ ತಂದು ಕಿಟಕಿಯ ಹತ್ತಿರ ಇಡಿ. ಎಪಿ ಇರುವುದು ಕಾರಿಡಾರಿನ ಸೀಲಿಂಗಿನಲ್ಲಿ, ಸುತ್ತ ಕಾಂಕ್ರೀಟು. ಅಲ್ಲಿ ಟವರ್ ಸಿಗ್ನಲ್ ಮೈನಸ್ 110 ಡಿಬಿಎಂಗೆ ಇಳಿದಿರುತ್ತದೆ (ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಗಟ್ಟಿ). ಅದೇ ಸಿಮ್ಮು ಕಿಟಕಿಯ ಬಳಿ ಮೈನಸ್ 85 ತೋರಿಸುತ್ತದೆ.

ಬ್ಯಾಕಪ್ ಚಾಲೂ ಆಗುತ್ತದೆ, ಆದರೆ ಸಿಮ್ ಡೇಟಾ ಅರ್ಧ ಗಂಟೆಯಲ್ಲಿ ಖಾಲಿ.

ಆಗದೆ ಇರುತ್ತದಾ? ದಿನಕ್ಕೆ 2 ಜಿಬಿ ಪ್ಯಾಕು, ಮೂವತ್ತು ಫೋನು. ನೆಟ್ ಬಂದ ಕೂಡಲೇ ಫೋಟೋ ಬ್ಯಾಕಪ್ಪು, ವಿಂಡೋಸ್ ಅಪ್‌ಡೇಟು ಎಲ್ಲವೂ ಬಾಯಿ ತೆರೆದು ಕೂರುತ್ತವೆ. ಬ್ಯಾಕಪ್ ಲೈನಿಗೆ ಹೋದಾಗ ಗೆಸ್ಟ್ ವೈಫೈ ತಾನಾಗಿ ಬಂದ್ ಆಗುವಂತೆ ಮಾಡಿ. ಅಪ್‌ಲಿಂಕ್ ಬಿದ್ದಾಗ ಈ ಎಸ್‌ಎಸ್‌ಐಡಿ (ವೈಫೈ ಹೆಸರು) ಕಾಣಿಸಬಾರದು ಅಂತ ಹೇಳುವ ಸೆಟ್ಟಿಂಗ್ ದೊಡ್ಡ ಕಂಪನಿಯ ಎಪಿಗಳಲ್ಲಿ ಇರುತ್ತದೆ. ಅದಿಲ್ಲದಿದ್ದರೆ ರೂಟರಿನಲ್ಲಿ, ಎರಡನೇ ಲೈನಿನಿಂದ ಹೊರಡುವಾಗ ತಲೆಗೆ ಇಷ್ಟೇ ಸ್ಪೀಡು ಅಂತ ಕಟ್ಟಿ. ದರ್ಶಿನಿಯಾದರೆ ಬಿಲ್ಲಿಂಗ್ ಟ್ಯಾಬು, ಕಾರ್ಡ್ ಮಷೀನು ಇವೆರಡಕ್ಕೆ ಮಾತ್ರ ಬ್ಯಾಕಪ್ ಸಾಕು. ಇಡ್ಲಿ ತಿನ್ನುವವರಿಗೆ ಅವರದ್ದೇ ಡೇಟಾ ಇರುತ್ತದೆ.

ಮಳೆ ಬಂದಾಗ ಎರಡು ಲೈನಿನ ನಡುವೆ ಹೋಗಿ ಬಂದು, ಹೋಗಿ ಬಂದು ಮಾಡುತ್ತದೆ. ಇದಕ್ಕಿಂತ ಪೂರ್ತಿ ಹೋದರೇ ವಾಸಿ ಅನ್ನಿಸುತ್ತದೆ.

ಅನ್ನಿಸುವುದು ಸರಿಯೇ. ಮೇಲೆ ಪ್ರಿಎಂಪ್ಷನ್ ಬಗ್ಗೆ ಅರ್ಧಕ್ಕೆ ಬಿಟ್ಟಿದ್ದು ಇದಕ್ಕೇ.

ನೀರು ಹೊಕ್ಕ ಜಾಯಿಂಟು, ಸರಿಯಾಗಿ ಕೂರದ ಸ್ಪ್ಲೈಸು (ಫೈಬರ್ ಬೆಸುಗೆ) ಇವು ಲೈನನ್ನು ಒಂದೇ ಏಟಿಗೆ ಕೊಲ್ಲುವುದಿಲ್ಲ. ಎರಡು ನಿಮಿಷ ಬರುತ್ತದೆ, ಒಂದು ನಿಮಿಷ ಹೋಗುತ್ತದೆ. ಎಪಿ ಪ್ರತಿ ಸಲವೂ "ಮೊದಲ ಲೈನು ಬಂತು" ಅಂತ ಖುಷಿಯಿಂದ ವಾಪಸ್ ಓಡುತ್ತದೆ. ಪ್ರತಿ ಹೊರಳಿಗೂ ಹೊರಗೆ ಕಾಣುವ ಐಪಿ ವಿಳಾಸ ಬದಲಾಗುತ್ತದೆ. ಐಪಿ ಬದಲಾದರೆ ತೆರೆದಿದ್ದ ಸಂಪರ್ಕಗಳೆಲ್ಲ ಕಡಿದುಹೋಗುತ್ತವೆ. ವಾಟ್ಸಾಪ್ ಕಾಲು ಎರಡು ಕ್ಷಣ ತಡವರಿಸಿ ಸರಿಹೋಗಬಹುದು. ಬ್ಯಾಂಕಿನ ಸೈಟು, ಸರ್ಕಾರಿ ಪೋರ್ಟಲ್ಲು ಲಾಗಿನ್ನಿಗೇ ವಾಪಸ್ ಕಳಿಸುವುದುಂಟು.

ಜಯನಗರದ ಒಬ್ಬ ಆಡಿಟರ್ ಆಫೀಸಿನಲ್ಲಿ ತಿಂಗಳ 20ರಂದು ಹೀಗಾಯಿತು. ಜಿಎಸ್‌ಟಿಯ 3ಬಿ ರಿಟರ್ನ್ ಹಾಕಲು ಕೊನೆಯ ದಿನ. ಹೊರಗೆ ತುಂತುರು. ಹುಡುಗಿ ಅಂಕಿ ತುಂಬಿ ಓಟಿಪಿ ಬರೆಯುವಷ್ಟರಲ್ಲಿ ಲಾಗೌಟ್. ಮತ್ತೆ ಮೊದಲಿನಿಂದ. ನಾಲ್ಕನೇ ಸಲ ಆದಾಗ ಅವರು ಫೈಬರ್ ವೈರನ್ನೇ ಕಿತ್ತು ಪಕ್ಕಕ್ಕಿಟ್ಟು, ಸಿಮ್ಮಿನ ಮೇಲೆ ನೆಮ್ಮದಿಯಾಗಿ ಕೆಲಸ ಮುಗಿಸಿದರು. ಮಾಡಿದ್ದು ನೂರಕ್ಕೆ ನೂರು ಸರಿ.

ಮದ್ದು ಏನೆಂದರೆ, ಹೋಗುವಾಗ ಬೇಗ ಹೋಗಲಿ, ವಾಪಸ್ ಬರುವಾಗ ನಿಧಾನವಾಗಿ ಬರಲಿ. ಮೊದಲ ಲೈನು ಬಂದ ಮೇಲೂ ಐದು ಅಥವಾ ಹತ್ತು ನಿಮಿಷ ಸತತ ಚೆನ್ನಾಗಿದ್ದರೆ ಮಾತ್ರ ಮರಳು ಅಂತ ಇಡಿ. ಹೋಲ್ಡ್ ಟೈಮ್, ರಿಕವರಿ ಟೈಮ್ ಅಂತ ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ರೂಟರಿಗೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ಸಾಫ್ಟ್‌ವೇರ್ ಹಾಕಿ ಬಳಸುವವರಿಗೆ ಅದರ ಎಂವ್ಯಾನ್3 ಪ್ಯಾಕೇಜಿನಲ್ಲಿ ಕೆಳಗಿಳಿಯಲು ಎಷ್ಟು ಸೋಲು, ಮೇಲೇಳಲು ಎಷ್ಟು ಗೆಲುವು ಅಂತ ಬೇರೆ ಬೇರೆ ಅಂಕಿ ಕೊಡುವ ಅನುಕೂಲ ಇದೆ. ಅಂಥದ್ದೇನೂ ನಿಮ್ಮ ಡಬ್ಬಿಯಲ್ಲಿ ಇಲ್ಲವೆಂದರೆ ಪ್ರಿಎಂಪ್ಷನ್ ಆಫ್ ಮಾಡಿ, ರಾತ್ರಿ ಅಂಗಡಿ ಮುಚ್ಚುವಾಗ ಕೈಯಾರೆ ವಾಪಸ್ ಹಾಕಿ.

ಬ್ಯಾಕಪ್ಪಿಗೆ ಹೋದ ಮೇಲೆ ಎಲ್ಲಾ ಬರುತ್ತದೆ, ಐಪಿ ಫೋನ್ (ಇಂಟರ್ನೆಟ್ ಮೇಲೆ ನಡೆಯುವ ಮೇಜಿನ ಫೋನು) ಮಾತ್ರ ಸತ್ತಿರುತ್ತದೆ.

ರೂಟರಿನ ಕನೆಕ್ಷನ್ ಪಟ್ಟಿಯಲ್ಲಿ ಹಳೆಯ ಲೈನಿನ ನಮೂದು ಹಾಗೇ ಉಳಿದಿದೆ. ಫೋನು ಬಿಡದೆ ಪ್ಯಾಕೆಟ್ ಕಳಿಸುತ್ತಲೇ ಇರುವುದರಿಂದ ಆ ನಮೂದು ಸಾಯುವುದೇ ಇಲ್ಲ. ಹೊರಳುವಾಗ ಪಟ್ಟಿ ಅಳಿಸುವ ಸ್ಕ್ರಿಪ್ಟ್ ಹಾಕಿ. ತುರ್ತಿಗೆ ಐಪಿ ಫೋನನ್ನು ಎರಡು ಮೂರು ನಿಮಿಷ ಆಫ್ ಮಾಡಿಟ್ಟು ಆನ್ ಮಾಡಿ.

ಸಿಮ್ ಲೈನಿಗೆ ಹೋದಾಗ ಮನೆಯಿಂದ ಅಂಗಡಿಯ ಸಿಸಿಟಿವಿ ಕಾಣುವುದಿಲ್ಲ.

ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದವರನ್ನು ನೇರ ಕ್ಯಾಮೆರಾಗೆ ಕಳಿಸುವ ಬಾಗಿಲು) ಮಾಡಿಟ್ಟಿದ್ದೀರಿ ಅಂತ ಆಯಿತು. ಮೊಬೈಲ್ ಲೈನಿನಲ್ಲಿ ಸಾಮಾನ್ಯವಾಗಿ ನಿಮಗೆ ಸ್ವಂತ ಹೊರಗಿನ ಐಪಿ ಸಿಗುವುದಿಲ್ಲ, ನೂರಾರು ಗಿರಾಕಿಗಳು ಒಂದೇ ವಿಳಾಸದ ಹಿಂದೆ ಇರುತ್ತಾರೆ. ನಿಮ್ಮ ಲೈನಿಗೆ ಬಂದಿರುವ ಐಪಿ 100.64ರಿಂದ 100.127ರ ಒಳಗಿದ್ದರೆ ಅದೇ ಗುರುತು. ಈಗ ಕೆಲವು ಫೈಬರ್ ಲೈನುಗಳೂ ಹಾಗೇ. ಹೊರಗಿನಿಂದ ಒಳಕ್ಕೆ ಬಾಗಿಲು ತೆರೆಯುವ ಯಾವ ಉಪಾಯವೂ ಇಲ್ಲಿ ನಡೆಯದು. ಕ್ಯಾಮೆರಾ ಕಂಪನಿಯ ಕ್ಲೌಡ್ ಆ್ಯಪ್ ಬಳಸಿ, ಇಲ್ಲವೇ ಒಳಗಿನಿಂದ ಹೊರಕ್ಕೆ ವಿಪಿಎನ್ (ಇಂಟರ್ನೆಟ್ಟಿನೊಳಗೆ ನಿಮ್ಮದೇ ಖಾಸಗಿ ಸುರಂಗ) ಕಟ್ಟಿ. ವಿಪಿಎನ್ ಆದರೆ ಲೈನು ಹೊರಳಿದಾಗ ಅದು ಮತ್ತೆ ಡಯಲ್ ಆಗಬೇಕು, ಆ ಒಂದೆರಡು ನಿಮಿಷ ಸಹಿಸಿಕೊಳ್ಳಿ.

ಎರಡನೇ ಲೈನ್ ಸಿಕ್ಕಿಸಿದ ಕೂಡಲೇ ಮೊದಲ ಲೈನೂ ಹೋಯಿತು!

ಎರಡೂ ಕಂಪನಿಯವರ ಡಬ್ಬಿಯೂ 192.168.1.1 ಅಂತ ಕೂತಿದೆ. ಒಂದೇ ಬೀದಿಯಲ್ಲಿ ಎರಡು ಮನೆಗೆ ಒಂದೇ ನಂಬರ್ ಕೊಟ್ಟರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು? ಎರಡನೇ ಡಬ್ಬಿಯ ಒಳವಿಳಾಸವನ್ನು 192.168.2.1 ಮಾಡಿ. ನಿಮ್ಮ ಸ್ವಂತ ರೂಟರ್ ಹಂಚುವ ವಿಳಾಸವೂ ಈ ಎರಡಕ್ಕಿಂತ ಬೇರೆಯಾಗಿರಲಿ, ನಾನು 10.10.10ರ ಸಾಲು ಇಡುತ್ತೇನೆ. ಮಲ್ಲೇಶ್ವರದ ಒಂದು ಹೋಟೆಲಿನಲ್ಲಿ ಈ ಒಂದು ಅಂಕಿಗಾಗಿ ಬೆಳಗಿನ ಆರರಿಂದ ತಿಂಡಿ ಹೊತ್ತು ಮುಗಿಯುವ ತನಕ ತಲೆ ಚಚ್ಚಿಕೊಂಡಿದ್ದೇನೆ. ಕ್ಯಾಷಿಯರ್ ಎರಡು ಸಲ ಕಾಫಿ ಕಳಿಸಿದರು, ಮೂರನೇ ಸಲ ಕಳಿಸಲಿಲ್ಲ.

ಪಿಪಿಪಿಓಇ (ಯೂಸರ್‌ನೇಮು, ಪಾಸ್‌ವರ್ಡು ಕೊಟ್ಟು ಸೇರುವ) ಲೈನ್ ಆದರೆ ಬೇರೆ ಏನಾದರೂ ನೋಡಬೇಕಾ?

ಮೂರು ವಿಷಯ. ಯೂಸರ್‌ನೇಮು, ಪಾಸ್‌ವರ್ಡು ಕಂಪನಿಯವರ ಡಬ್ಬಿಯಲ್ಲೂ ನಿಮ್ಮ ಎಪಿಯಲ್ಲೂ ಎರಡೂ ಕಡೆ ಇರಬಾರದು, ಸೆಷನ್ ಒಬ್ಬರಿಗೇ ಸಿಗುವುದು. ಅವರ ಡಬ್ಬಿಯನ್ನು ಬ್ರಿಡ್ಜ್ ಮಾಡಿಸಿ, ಅಂದರೆ ಅದು ತಾನು ಲಾಗಿನ್ ಆಗದೆ ಲೈನನ್ನು ಸುಮ್ಮನೆ ದಾಟಿಸಲಿ. ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1492 ಇರಲಿ, 1500 ಬಿಟ್ಟರೆ ಕೆಲವು ಸೈಟು ತೆರೆದು ಕೆಲವು ಅರ್ಧಕ್ಕೆ ನಿಲ್ಲುತ್ತವೆ. ಇನ್ನು ಕೆಲವು ಕಂಪನಿಗಳು ನಿಮ್ಮ ಹಳೆಯ ರೂಟರಿನ ಮ್ಯಾಕ್ ವಿಳಾಸವನ್ನು (ಸಾಧನದ ಹುಟ್ಟು ನಂಬರು) ಗಂಟು ಹಾಕಿಕೊಂಡಿರುತ್ತವೆ. ಸಾಧನ ಬದಲಿಸಿದರೆ ಫೋನ್ ಮಾಡಿ ಬಿಚ್ಚಿಸಬೇಕು.

ಎಪಿಯಲ್ಲಿ ಎರಡು ಈಥರ್ನೆಟ್ ಪೋರ್ಟ್ ಇದೆ. ಎರಡನ್ನೂ ಸ್ವಿಚ್ಚಿಗೆ ಹಾಕಿದರೆ ಫೇಲ್‌ಓವರ್ ಆಗುತ್ತದಲ್ಲ?

ಹಾಗೇ ಹಾಕಬೇಡಿ! ಸಾದಾ ಸ್ವಿಚ್ಚಿಗೆ ಎರಡೂ ತುದಿ ಸಿಕ್ಕಿಸಿದರೆ ಲೂಪ್ ಆಗುವ ಅಪಾಯ ಇದೆ. ಬ್ರಾಡ್‌ಕಾಸ್ಟ್ ಪ್ಯಾಕೆಟ್ಟುಗಳು ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಇಡೀ ಆಫೀಸನ್ನು ಮಲಗಿಸುತ್ತವೆ. ಸ್ವಿಚ್ಚಿನ ಎಲ್ಲಾ ಲೈಟೂ ಒಂದೇ ತಾಳದಲ್ಲಿ ಮಿಣುಕುತ್ತಿದ್ದರೆ ಲೂಪ್ ಅಂತಲೇ ತಿಳಿಯಿರಿ.

ಮ್ಯಾನೇಜ್ಡ್ (ಒಳಗೆ ಸೆಟ್ಟಿಂಗ್ ಮಾಡಬಹುದಾದ) ಸ್ವಿಚ್ಚು ಇದ್ದು, ಎಪಿಗೆ ಎಲ್‌ಎಸಿಪಿ (ಎರಡು ಕೇಬಲ್ಲನ್ನು ಒಂದೇ ಲಿಂಕ್ ಆಗಿ ಬೆಸೆಯುವ ವಿಧಾನ) ಬರುತ್ತಿದ್ದರೆ ಎರಡೂ ಪೋರ್ಟನ್ನು ಒಂದು ಕಟ್ಟಾಗಿ ಮಾಡಬಹುದು. ಎರಡು ಬೇರೆ ಸ್ವಿಚ್ಚಿಗೆ ಒಂದೊಂದು ತುದಿ ಹಾಕಿ ಎಲ್‌ಎಸಿಪಿ ಮಾಡಬೇಕೆಂದರೆ ಆ ಸ್ವಿಚ್ಚುಗಳು ಸ್ಟ್ಯಾಕ್ ಆಗಿ ಒಂದೇ ಸ್ವಿಚ್ಚಿನಂತೆ ನಡೆದುಕೊಳ್ಳಬೇಕು. ಇಲ್ಲವಾದರೆ ಒಂದು ಕೆಲಸದಲ್ಲಿ, ಇನ್ನೊಂದು ಕಾಯುತ್ತಾ ಎಂಬ ಪದ್ಧತಿ ಇಡಿ. ಎಷ್ಟೋ ಎಪಿಗಳಲ್ಲಿ ಎರಡನೇ ಪೋರ್ಟು ಅಪ್‌ಲಿಂಕ್ ಅಲ್ಲವೇ ಅಲ್ಲ, ಪ್ರಿಂಟರ್ ಥರದ್ದನ್ನು ಸಿಕ್ಕಿಸಲು ಕೊಟ್ಟದ್ದು. ಮ್ಯಾನುಯಲ್ ಓದದೆ ನಂಬಬೇಡಿ.

ಎರಡನೇ ಸ್ವಿಚ್ಚಿನ ಪೋರ್ಟಿನಲ್ಲಿ ವಿಎಲ್ಯಾನುಗಳೆಲ್ಲ (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಮಾಡಿಟ್ಟ ಜಾಲಗಳು) ಮೊದಲನೆಯದರಲ್ಲಿ ಇದ್ದ ಹಾಗೇ ಇರಬೇಕು, ಗುರುತು ಹಾಕದ ಟ್ರಾಫಿಕ್ ಹೋಗುವ ನೇಟಿವ್ ವಿಎಲ್ಯಾನ್ ಸೇರಿ. ಒಂದು ಮರೆತರೂ ಎಪಿ ಆನ್‌ಲೈನ್ ಅಂತ ತೋರಿಸುತ್ತದೆ, ವೈಫೈ ಹೆಸರು ಕಾಣುತ್ತದೆ, ಲ್ಯಾಪ್‌ಟಾಪಿಗೆ ಮಾತ್ರ 169.254ರಿಂದ ಶುರುವಾಗುವ ವಿಳಾಸ ಬಂದು ಕೂರುತ್ತದೆ, ಅಂದರೆ ಅದಕ್ಕೆ ಯಾರೂ ಐಪಿ ಕೊಟ್ಟಿಲ್ಲ ಅಂತ.

ಕೇಬಲ್ ಎಳೆಯಲು ಓನರ್ ಬಿಡುತ್ತಿಲ್ಲ. ವೈಫೈಯನ್ನೇ ಅಪ್‌ಲಿಂಕ್ ಮಾಡಬಹುದಾ?

ಮಾಡಬಹುದು, ಆದರೆ ಬ್ಯಾಕಪ್ಪಿಗಾಗಿ ಮಾಡಿ, ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಒಂದೇ ರೇಡಿಯೋ ಮೇಲಿನಿಂದ ತಗೊಂಡು ಕೆಳಗೆ ಕೊಡಬೇಕಾದಾಗ ಪ್ರತಿ ಹೆಜ್ಜೆಗೂ ಸ್ಪೀಡು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮೇಲಿನ ಎಪಿ ಯಾವ ಚಾನೆಲ್ಲೋ ಕೆಳಗಿನದ್ದೂ ಅದೇ ಚಾನೆಲ್. 52ರಿಂದ 144ರವರೆಗಿನ ಚಾನೆಲ್ ತಪ್ಪಿಸಿ. ಅಲ್ಲಿ ರೇಡಾರ್ ಇದೆಯೇ ಅಂತ ಎಪಿ ಒಂದು ನಿಮಿಷ ಕಿವಿಗೊಟ್ಟು ಕೇಳಿಯೇ ಮಾತು ಶುರುಮಾಡುವುದು, ನಡುವೆ ರೇಡಾರಿನ ಗುಮಾನಿ ಬಂದರೆ ಚಾನೆಲ್ ಬಿಟ್ಟು ಓಡುತ್ತದೆ. ಎಚ್‌ಎಎಲ್ ವಿಮಾನ ನಿಲ್ದಾಣದ ಆಸುಪಾಸಿನಲ್ಲಿದ್ದರೆ ಅದರ ಗೊಡವೆಯೇ ಬೇಡ, 36ರಿಂದ 48 ಅಥವಾ 149ರಿಂದ 161 ಇಡಿ. ಮೊಬೈಲ್ ನಂಬರ್ ಕೊಟ್ಟು ಓಟಿಪಿ ಹಾಕುವ ಥರದ ವೈಫೈಗೆ ಎಪಿಯನ್ನು ಸೇರಿಸಲು ಹೋಗಬೇಡಿ, ಎಪಿಗೆ ಓಟಿಪಿ ಯಾರು ಹೇಳುತ್ತಾರೆ?

ಕರೆಂಟ್ ಹೋದಾಗ ಫೇಲ್‌ಓವರ್ ಆಗುವುದಿಲ್ಲ.

ಓಎನ್‌ಟಿ, ರೂಟರ್, ಪಿಓಇ ಸ್ವಿಚ್ಚು, 4ಜಿ ಡಬ್ಬಿ: ನಾಲ್ಕೂ ಯುಪಿಎಸ್ ಮೇಲೆ ಇವೆಯಾ? ಬಹಳ ಕಡೆ ಮೂರು ಇರುತ್ತವೆ, ಪಿಓಇ ಸ್ವಿಚ್ಚು ಮಾತ್ರ ಸಾದಾ ಪ್ಲಗ್ಗಿನಲ್ಲಿ. ಓಎನ್‌ಟಿ ಸಾಮಾನ್ಯವಾಗಿ 12 ವೋಲ್ಟಿನದ್ದು, ಅದಕ್ಕೆ ಸಣ್ಣ ಡಿಸಿ ಯುಪಿಎಸ್ ಸಾಕು. ಆಂಪಿಯರ್ ಎಷ್ಟು ಅಂತ ಅಡಾಪ್ಟರ್ ಮೇಲೆ ಓದಿಕೊಂಡು ಹೋಗಿ.

ಎರಡೂ ಲೈನನ್ನು ಒಟ್ಟಿಗೆ ಓಡಿಸಿದರೆ ಸ್ಪೀಡ್ ಡಬಲ್ ಆಗುತ್ತದಾ?

ಒಬ್ಬನ ಒಂದು ಡೌನ್‌ಲೋಡು ಡಬಲ್ ಆಗುವುದಿಲ್ಲ. ಜನರನ್ನು ಎರಡು ಲೈನಿಗೆ ಹಂಚಬಹುದು ಅಷ್ಟೆ. ಹಂಚುವಾಗ ಒಬ್ಬರ ಎಲ್ಲಾ ಸಂಪರ್ಕವೂ ಒಂದೇ ಲೈನಿನಲ್ಲಿ ಹೋಗುವಂತೆ ಮಾಡಿ, ಇಲ್ಲವಾದರೆ ಬ್ಯಾಂಕ್ ಸೈಟು ಕೈಕೊಡುತ್ತದೆ. ಮೊದಲು ಫೇಲ್‌ಓವರ್ ಸರಿ ಮಾಡಿಕೊಳ್ಳಿ.

ಸೆಟ್ಟಿಂಗ್ ಸರಿಯಾಗಿದೆ ಅಂತ ಹೇಗೆ ತಿಳಿಯುವುದು?

ಕಿತ್ತು ನೋಡಬೇಕು. ಬೇರೆ ದಾರಿಯಿಲ್ಲ. ಅಂಗಡಿ ತೆರೆಯುವ ಮುಂಚೆ ಅರ್ಧ ಗಂಟೆ ಸಾಕು. ಒಂದು ಲ್ಯಾಪ್‌ಟಾಪಿನಲ್ಲಿ ಪಿಂಗ್ ಓಡುತ್ತಿರಲಿ, ಕೈಯಲ್ಲಿ ಫೋನಿನ ಸ್ಟಾಪ್‌ವಾಚ್ ಇರಲಿ.

ಮೊದಲು ರೂಟರಿಗೂ ಓಎನ್‌ಟಿಗೂ ನಡುವಿನ ಈಥರ್ನೆಟ್ ಕೇಬಲ್ ತೆಗೆಯಿರಿ. ಇದು ಸುಲಭದ ಪರೀಕ್ಷೆ, ಎಲ್ಲರದ್ದೂ ಪಾಸಾಗುತ್ತದೆ. ವಾಪಸ್ ಹಾಕಿ, ಮೊದಲ ಲೈನಿಗೆ ಮರಳಲು ಬಿಡಿ. ಈಗ ಓಎನ್‌ಟಿ ಹಿಂದಿನ ಹಸಿರು ಮೂತಿಯ ಫೈಬರ್ ಪಿನ್ ಎಳೆಯಿರಿ. ಲಾಸ್ (LOS, ಸಿಗ್ನಲ್ ಹೋಗಿದೆ) ಅಂತ ಬರೆದ ಲೈಟು ಕೆಂಪಾಗುತ್ತದೆ, ಈಥರ್ನೆಟ್ ಲೈಟು ಹಸಿರಾಗೇ ಇರುತ್ತದೆ. ನಿಜವಾದ ಪರೀಕ್ಷೆ ಇದೇ. ಪಿನ್ನಿನ ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಕಣ್ಣಿಗೆ ಹಿಡಿದು ಒಳಗೆ ಇಣುಕಬೇಡಿ, ಪ್ಲಾಸ್ಟಿಕ್ ಟೊಪ್ಪಿ ಇದ್ದರೆ ಹಾಕಿಡಿ. ಸ್ಟಾಪ್‌ವಾಚ್ ನೋಡಿ. ನೀವು ಲೆಕ್ಕ ಹಾಕಿದ್ದ ಸೆಕೆಂಡಿನಲ್ಲಿ ಹೊರಳಿತಾ? ಹೊರಳಿದ ಮೇಲೆ ಪಿಂಗ್ ಬಂದರಷ್ಟೇ ಸಾಲದು, ಹೊಸದೊಂದು ಸೈಟು ತೆರೆಯಿರಿ, ಒಂದು ರೂಪಾಯಿ ಯುಪಿಐ ಮಾಡಿ, ಬಿಲ್ಲು ಪ್ರಿಂಟ್ ಹಾಕಿ. ಆಮೇಲೆ ಪಿನ್ ಹಾಕಿ ವಾಪಸ್ ಬರುವ ಹೊತ್ತನ್ನೂ ಬರೆದುಕೊಳ್ಳಿ. ಕೊನೆಗೆ ಮೇನ್ ಸ್ವಿಚ್ ಇಳಿಸಿ ನೋಡಿ.

ಬ್ಯಾಕಪ್ ಮೇಲೆ ಓಡುತ್ತಿದೆ ಅಂತ ಗೊತ್ತಾಗುವುದು ಹೇಗೆ?

ಹೇಳದಿದ್ದರೆ ಗೊತ್ತಾಗುವುದೇ ಇಲ್ಲ. ಒಂದು ಕ್ಲಿನಿಕ್ಕಿನಲ್ಲಿ ಫೈಬರ್ ಸತ್ತು ಹದಿನೈದು ದಿನ ಯಾರಿಗೂ ತಿಳಿದಿರಲಿಲ್ಲ. ಸಿಮ್ಮು ಪಾಪ ಒಬ್ಬನೇ ಎಳೆಯುತ್ತಿತ್ತು. ರೀಚಾರ್ಜ್ ಮುಗಿದ ಬೆಳಿಗ್ಗೆ "ಎರಡೂ ಒಟ್ಟಿಗೆ ಹೋಯಿತು" ಅಂತ ದೂರು ಬಂತು. ಹೊರಳಿದ ಕೂಡಲೇ ಮೇಲ್ ಅಥವಾ ಟೆಲಿಗ್ರಾಂ ಮೆಸೇಜು ಬರುವಂತೆ ಮಾಡಿ, ಸಿಮ್ಮಿನ ರೀಚಾರ್ಜ್ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ನೆಟ್ ಹೋದಾಗ ಮೊದಲು ಯಾರಿಗೆ ಫೋನ್ ಮಾಡಲಿ?

ಯಾರಿಗೂ ಬೇಡ, ಮೊದಲು ಓಎನ್‌ಟಿ ಹತ್ತಿರ ಹೋಗಿ. ಲಾಸ್ ಲೈಟು ಕೆಂಪಿದ್ದರೆ ಫೈಬರ್ ತುಂಡಾಗಿದೆ, ಲೈನಿನ ಕಂಪನಿಗೆ ಮಾಡಿ. ಕಸ್ಟಮರ್ ಐಡಿಯನ್ನು ಡಬ್ಬಿಯ ಮೇಲೇ ಚೀಟಿ ಅಂಟಿಸಿಟ್ಟಿರಿ, ಅದು ಕೇಳದೆ ಅವರು ಮುಂದಕ್ಕೆ ಹೋಗುವುದಿಲ್ಲ. ಲಾಸ್ ಕೆಂಪಿಲ್ಲ, ನೆಟ್ಟೂ ಇಲ್ಲ ಅಂದರೆ ಬಿಲ್ ಕಟ್ಟಿದ್ದೀರಾ ನೋಡಿ. ಕಟ್ಟಿದ್ದೀರಿ, ಸಿಮ್ಮಿಗೂ ಹೊರಳಿಲ್ಲ ಅಂದಾಗ ನನ್ನಂಥವರಿಗೆ ಮಾಡಿ. ಫೋನ್ ಮಾಡುವ ಮೊದಲು ಎಲ್ಲವನ್ನೂ ಆಫ್ ಮಾಡಿ ಆನ್ ಮಾಡಬೇಡಿ, ಲಾಗ್ ಅಳಿಸಿಹೋಗುತ್ತದೆ. ಲೈಟುಗಳದ್ದೊಂದು ಫೋಟೋ ತೆಗೆದು ಕಳಿಸಿ.